ಹಳೆಯ ಮೋಟಾರಿನ ಜೀರ್ಣೋದ್ಧಾರ

ತುಳುನಾಡಿನಲ್ಲಿ ಜೀರ್ಣೋದ್ಧಾರವೆಂಬ ಮಾತನ್ನು ಕೇಳದೆ ಒಂದು ವರ್ಷವೂ ಕಳೆಯುವುದಿಲ್ಲ. ಊರ ದೇವಸ್ಥಾನದ ಮಾಡು ಸೋರತೊಡಗಿತು, ತೊಲೆಗೆ ಗೆದ್ದಲು ಹತ್ತಿತು, ಗೋಡೆ ಬಿರುಕುಬಿಟ್ಟಿತು ಎಂದರೆ ಹತ್ತು ಜನ ಸೇರಿ ಸಮಿತಿ ಕಟ್ಟುತ್ತಾರೆ. ದೇವರನ್ನು ಬಾಲಾಲಯದಲ್ಲಿ ಇರಿಸಿ, ಹಳೆಯದನ್ನು ಬಿಚ್ಚಿ, ಹೊಸದನ್ನು ಕಟ್ಟಿ, ಕೊನೆಗೆ ಬ್ರಹ್ಮಕಲಶವನ್ನು ನೆರವೇರಿಸುತ್ತಾರೆ. ಕಲ್ಲು ಹೊಸದು, ಮರ ಹೊಸದು, ಮಾಡಿಗೆ ಹೊದಿಸಿದ ತಾಮ್ರವೂ ಹೊಸದು. ಆದರೂ ದೇವಸ್ಥಾನ ಹಳೆಯದೇ ಎಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಒಳಗಿನ ಮೂರ್ತಿ ಅದೇ ಆಗಿರುವುದಲ್ಲವೆ? ನಾನು ಈಗ ಹೇಳಹೊರಟಿರುವುದು ಇದಕ್ಕಿಂತ ಬಹಳ ಲೌಕಿಕವಾದೊಂದು ಜೀರ್ಣೋದ್ಧಾರದ ವಿಚಾರ. ಮನೆಯ ಅಂಗಳದಲ್ಲಿ, ಬಿಡುವಿನ ಹೊತ್ತಿನಲ್ಲಿ, ಸ್ವಂತ ಕೈಯಿಂದ ಹಳೆಯ ಮೋಟಾರು ಗಾಡಿಗಳನ್ನು ಎತ್ತಿ ನಿಲ್ಲಿಸುವ ಹವ್ಯಾಸವೊಂದು ನಮ್ಮ ಜಿಲ್ಲೆಗಳಲ್ಲಿಯೂ ಬೇರೂರಿದೆ. ಅಲ್ಲಿಯೂ ಏಳುವ ಪ್ರಶ್ನೆ ಇದೇ: ಇಷ್ಟೆಲ್ಲ ಬದಲಿಸಿದಮೇಲೆ ಉಳಿಯುವ ಮೂರ್ತಿ ಯಾವುದು?

ಬಂಟ್ವಾಳದ ಎದುರಿಗೆ, ನೇತ್ರಾವತಿಯ ದಡದಲ್ಲಿ, ನರಿಕೊಂಬು ಎಂಬ ಗ್ರಾಮವಿದೆ. ಅಡಕೆ, ತೆಂಗು, ಬಾಳೆಗಳ ಊರು. ಅಲ್ಲಿ ನನ್ನ ಸಹಪಾಠಿಗಳೊಬ್ಬರ ಮನೆಯ ಮುಂದೆ, ಅಡಕೆ ಒಣಗಿಸುವ ಅಂಗಳದ ಮೂಲೆಯಲ್ಲಿ, ಮೂರು ಮಳೆಗಾಲಗಳಿಂದ ಒಂದು ಜೀಪು ಮರದ ದಿಮ್ಮಿಗಳ ಮೇಲೆ ಕುಳಿತಿದೆ. ಅದರ ನೋಂದಣಿ ಸಂಖ್ಯೆ ‘ಎಂವೈ’ ಎಂದು ಮೊದಲಾಗುತ್ತದೆ. ಅಂದರೆ, ರಾಜ್ಯಕ್ಕೆ ೧೯೭೩ರಲ್ಲಿ ಕರ್ನಾಟಕವೆಂಬ ಹೆಸರು ಬರುವುದಕ್ಕೆ ಮೊದಲು, ಮೈಸೂರು ರಾಜ್ಯದ ಕಾಲದಲ್ಲಿ ರಸ್ತೆಗಿಳಿದ ಗಾಡಿ ಅದು. ಹಿಂಬದಿಯ ಆಸನಗಳನ್ನು ಕಿತ್ತು, ಹಲಗೆಯ ತಳ ಹಾಕಿ, ಅಡಕೆ ಮೂಟೆಗಳನ್ನು ಸಾಗಿಸಲು ಅದನ್ನು ಅರೆಲಾರಿಯಾಗಿ ಮಾಡಿಕೊಂಡಿದ್ದರು. ಪೇಟೆಯವರು ಪಿಕಪ್ ಎಂದು ಕರೆಯುವುದು ಇದನ್ನೇ. ಆ ಜೀಪಿನ ವಿಚಾರಕ್ಕೆ ಬರುವ ಮುನ್ನ ಈ ಹವ್ಯಾಸದ ತವರನ್ನು ಸ್ವಲ್ಪ ನೋಡಿಬರುವುದು ಒಳ್ಳೆಯದು.

ಆ ತವರು ಅಮೆರಿಕ. ಫೋರ್ಡ್ ಕಂಪನಿಯು ೧೯೦೮ರಿಂದ ೧೯೨೭ರವರೆಗೆ ‘ಮಾಡೆಲ್ ಟಿ’ ಎಂಬ ಒಂದೇ ಮಾದರಿಯ ಗಾಡಿಗಳನ್ನು ಒಂದೂವರೆ ಕೋಟಿಗೂ ಹೆಚ್ಚಾಗಿ ತಯಾರಿಸಿತು. ಇಷ್ಟು ಗಾಡಿಗಳು ಹಳೆಯದಾದಾಗ ಅವುಗಳ ಬೆಲೆ ಬಡ ಹುಡುಗರ ಜೇಬಿಗೂ ಎಟುಕುವಷ್ಟು ಇಳಿಯಿತು. ದಕ್ಷಿಣ ಕ್ಯಾಲಿಫೋರ್ನಿಯದ ತರುಣರು ಅವನ್ನು ಕೊಂಡು, ಚಕ್ರದ ಮೇಲಣ ರೆಕ್ಕೆಗಳನ್ನೂ ಕಾಲಿಡುವ ಹಲಗೆಗಳನ್ನೂ ಕಳಚಿ ಹಗುರಮಾಡಿ, ಯಂತ್ರವನ್ನು ತಿದ್ದಿ, ನೀರು ಬತ್ತಿದ ಮರುಭೂಮಿಯ ಸರೋವರಗಳ ಗಟ್ಟಿ ನೆಲದ ಮೇಲೆ ಓಡಿಸಿ ವೇಗವನ್ನು ಅಳೆಯತೊಡಗಿದರು. ೧೯೩೨ರಲ್ಲಿ ಅದೇ ಕಂಪನಿ ಎಂಟು ಸಿಲಿಂಡರುಗಳ ಯಂತ್ರವುಳ್ಳ ಗಾಡಿಯನ್ನು ಸಾಮಾನ್ಯರ ಬೆಲೆಗೆ ಮಾರಿತು. ಈ ಹುಡುಗರಿಗೆ ಅದು ಕಾಮಧೇನುವಾಯಿತು. ಮಹಾಯುದ್ಧ ಮುಗಿದ ಬಳಿಕ, ಸೈನ್ಯದಲ್ಲಿ ಯಂತ್ರಗಳನ್ನು ಬಿಚ್ಚಿ ಜೋಡಿಸಲು ಕಲಿತ ಸಾವಿರಾರು ಜನ ಮನೆಗೆ ಮರಳಿದರು, ಹವ್ಯಾಸ ದೇಶವ್ಯಾಪಿಯಾಯಿತು. ಹೀಗೆ ತಿದ್ದಿದ ಗಾಡಿಗೆ ‘ಹಾಟ್ ರಾಡ್’ ಎಂದು ಹೆಸರು. ಆ ಹೆಸರಿನ ಪತ್ರಿಕೆಯೇ ೧೯೪೮ರ ಜನವರಿಯಲ್ಲಿ ಹೊರಟಿತು.

ಆದುದರಿಂದ ಹಾಟ್ ರಾಡ್ ಎಂದರೆ ಜೀರ್ಣೋದ್ಧಾರವಲ್ಲ, ಅದು ರೂಪಾಂತರ. ಗಾಡಿ ಹೇಗಿತ್ತೋ ಹಾಗೆ ಮಾಡುವುದು ಒಂದು ದಾರಿ. ಹೇಗಿರಲಿಲ್ಲವೋ ಹಾಗೆ ಮಾಡುವುದು ಇನ್ನೊಂದು ದಾರಿ. ಎರಡಕ್ಕೂ ಬೇಕಾದ ಕೈಚಳಕ ಒಂದೇ ಆದರೂ ಮನಸ್ಸು ಬೇರೆ.

ನಮ್ಮಲ್ಲಿ ಇವೆರಡರ ಚರಿತ್ರೆ ಬೇರೆ ರೀತಿಯಲ್ಲಿ ನಡೆಯಿತು. ಮಂಗಳೂರಿಗೂ ಬಂಟ್ವಾಳಕ್ಕೂ ನಡುವೆ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿಯ ಬಸ್ಸು ೧೯೧೪ರಲ್ಲಿ ಓಡತೊಡಗಿತು. ಜನರ ಬಾಯಲ್ಲಿ ಅದು ಸಿ.ಪಿ.ಸಿ. ಘಟ್ಟದ ಕೆಳಗಿನ ಈ ಭಾಗದ ಯಂತ್ರವಿದ್ಯೆ ಬಹುಮಟ್ಟಿಗೆ ಬಸ್ಸುಗಳ ಗ್ಯಾರೇಜುಗಳಲ್ಲಿಯೇ ಬೆಳೆದದ್ದು. ಬಿಡಿಭಾಗ ಹಡಗಿನಲ್ಲಿ ಬರಬೇಕಾದ ಕಾಲದಲ್ಲಿ ಮುರಿದದ್ದನ್ನು ಇಲ್ಲಿಯೇ ಕಾಸಿ, ಬಡಿದು, ಕಡೆದು ಸರಿಪಡಿಸದೆ ಗತ್ಯಂತರವಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ದುರ್ಲಭವಾದಾಗ ಬಸ್ಸಿನ ಹಿಂಬದಿಗೆ ಇದ್ದಿಲಿನ ಒಲೆಯೊಂದನ್ನು ಕಟ್ಟಿ, ಅದರ ಹೊಗೆಯನ್ನು ಸೋಸಿ, ಯಂತ್ರಕ್ಕೆ ಉಣಿಸಿ ಓಡಿಸಿದರು. ಅಮೆರಿಕದ ಹುಡುಗ ತನ್ನ ಗಾಡಿಯನ್ನು ಬದಲಿಸಿದ್ದು ವೇಗಕ್ಕಾಗಿ. ನಮ್ಮ ಮೇಸ್ತ್ರಿ ಬದಲಿಸಿದ್ದು ಗಾಡಿ ನಿಲ್ಲದಿರಲೆಂದು.

ನರಿಕೊಂಬಿನ ಜೀಪಿನ ಕಥೆಯೂ ಇದೇ ಜಾತಿಯದು. ಜೀಪು ಮೂಲತಃ ಅಮೆರಿಕದ ಯುದ್ಧಕಾಲದ ಸೃಷ್ಟಿ. ಮಹೀಂದ್ರ ಸಂಸ್ಥೆಯು ೧೯೪೦ರ ದಶಕದ ಕೊನೆಯಲ್ಲಿ ಅದನ್ನು ಮುಂಬಯಿಯಲ್ಲಿ ಜೋಡಿಸತೊಡಗಿ, ಮುಂದೆ ಇಲ್ಲಿಯೇ ತಯಾರಿಸಿತು. ನಮ್ಮವರಿಗೆ ಚೆನ್ನಾಗಿ ಪರಿಚಯವಾದುದು ಎತ್ತರವಾದ ಮೂತಿಯ ‘ಸಿ.ಜೆ. ೩ಬಿ’ ಮಾದರಿ. ಆ ಎತ್ತರಕ್ಕೆ ಕಾರಣ ಸೌಂದರ್ಯವಲ್ಲ. ಮೊದಲಿನ ಜೀಪಿನ ಯಂತ್ರದಲ್ಲಿ ಗಾಳಿಯನ್ನು ಒಳಗೆ ಬಿಡುವ ಕವಾಟ, ಹೊಗೆಯನ್ನು ಹೊರಗೆ ಬಿಡುವ ಕವಾಟ, ಎರಡೂ ಸಿಲಿಂಡರಿನ ಪಕ್ಕದಲ್ಲಿದ್ದುವು. ಹೊಸ ಯಂತ್ರದಲ್ಲಿ ಒಳಬಿಡುವ ಕವಾಟವನ್ನು ಮಾತ್ರ ಸಿಲಿಂಡರಿನ ತಲೆಯ ಮೇಲಕ್ಕೆ ಏರಿಸಿದರು. ಗಾಳಿ ಸರಾಗವಾಗಿ ನುಗ್ಗಿತು, ಶಕ್ತಿ ಅರುವತ್ತರಿಂದ ಎಪ್ಪತ್ತು ಅಶ್ವಶಕ್ತಿಯ ಮೇಲಕ್ಕೆ ಹೋಯಿತು. ಆದರೆ ಯಂತ್ರ ಎತ್ತರವಾಯಿತು, ಅದರ ಮುಚ್ಚಳವನ್ನೂ ಎತ್ತರಿಸಬೇಕಾಯಿತು.

ನನ್ನ ಸ್ನೇಹಿತರ ತಂದೆಯವರು ಈ ಗಾಡಿಯನ್ನು ಹಳೆಯದಾಗಿಯೇ ಕೊಂಡವರು. ಪೆಟ್ರೋಲಿನ ಯಂತ್ರ ಲೀಟರಿಗೆ ಏಳೆಂಟು ಕಿಲೋಮೀಟರಿಗಿಂತ ಹೆಚ್ಚು ಓಡುತ್ತಿರಲಿಲ್ಲವಂತೆ. ೧೯೮೦ರ ದಶಕದ ಕೊನೆಗೆ ಅದನ್ನು ಇಳಿಸಿ, ಗುಜರಿಗೆ ಬಂದ ಇನ್ನೊಂದು ಗಾಡಿಯ ಡೀಸೆಲ್ ಯಂತ್ರವನ್ನು ಕೂರಿಸಿದರು. ಆಗ ಡೀಸೆಲಿನ ಬೆಲೆ ಪೆಟ್ರೋಲಿಗಿಂತ ಬಹಳ ಕಡಮೆ; ಹೋಗುವ ದೂರವೂ ಹೆಚ್ಚು. ಇದು ಅವರೊಬ್ಬರ ಯುಕ್ತಿಯಲ್ಲ. ಜೀಪು, ಅಂಬಾಸಡರ್ ಮೊದಲಾದ ಸಾವಿರಾರು ಗಾಡಿಗಳಿಗೆ ಈ ಹೃದಯ ಬದಲಾವಣೆ ನಮ್ಮ ದೇಶದಲ್ಲಿ ನಡೆದುಹೋಗಿದೆ. ಅಡಕೆಯನ್ನು ಬಂಟ್ವಾಳ ಪೇಟೆಗೆ ಹೊತ್ತದ್ದು, ಅಕ್ಕಿಯ ಮುಡಿಯನ್ನು ಮನೆಗೆ ತಂದದ್ದು, ಮಗನನ್ನು ಕಾಲೇಜಿನ ಹಾಸ್ಟೆಲಿಗೆ ಮುಟ್ಟಿಸಿದ್ದು ಈ ಡೀಸೆಲ್ ಯಂತ್ರವೇ. ಈಗ ಆ ಮಗನಿಗೆ ಪೆಟ್ರೋಲಿನ ಯಂತ್ರವೇ ಮತ್ತೆ ಬೇಕು! ಹಿತ್ತಿಲಲ್ಲಿ ತೆಂಗಿನ ಮಡಲುಗಳ ಕೆಳಗೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಬಿದ್ದಿದ್ದ ಅದನ್ನು ಅಗೆದೆತ್ತಿದ ಹಾಗೆ ಎತ್ತಿ ತಂದಿದ್ದಾರೆ. ತಂದೆಗೆ ಇದು ಅರ್ಥವಾಗುವುದಿಲ್ಲ. “ನಾನು ದುಡ್ಡು ಕೊಟ್ಟು ತೆಗೆಸಿದ್ದನ್ನು ಇವನು ದುಡ್ಡು ಕೊಟ್ಟು ಹಾಕಿಸುತ್ತಾನೆ” ಎಂದು ಒಮ್ಮೆ ನನ್ನೊಡನೆ ಹೇಳಿದರು. ನಗುತ್ತಲೇ ಹೇಳಿದರು, ಆದರೆ ಆ ಮಾತಿನಲ್ಲಿ ಸ್ವಲ್ಪ ನೋವೂ ಇದ್ದಿತು.

ಕೆಲಸದ ರೀತಿಯನ್ನು ಈಗ ಹೇಳಬೇಕು. ಕರಾವಳಿಯಲ್ಲಿ ಈ ಹವ್ಯಾಸವೆಂದರೆ ಮುಕ್ಕಾಲು ಪಾಲು ನೀರಿನೊಡನೆ ಯುದ್ಧ. ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರು ಮಳೆ. ಮಳೆಯಿಲ್ಲದಾಗ ಕಡಲ ಕಡೆಯ ತೇವದ ಗಾಳಿ. ಕಬ್ಬಿಣ ಆಮ್ಲಜನಕದೊಡನೆಯೂ ನೀರಿನೊಡನೆಯೂ ಸೇರಿ ತುಕ್ಕಾಗುವಾಗ ಮೊದಲಿಗಿಂತ ಹೆಚ್ಚು ಜಾಗವನ್ನು ತೆಗೆದುಕೊಳ್ಳುತ್ತದೆ. ಆದಕಾರಣವೇ ಬಣ್ಣದ ಕೆಳಗೆ ಗುಳ್ಳೆ ಏಳುವುದು. ಕಣ್ಣಿಗೆ ಕಾಣುವ ಗುಳ್ಳೆ ಕಾಸಿನಗಲವಾದರೆ ಒಳಗಿನ ಹಾನಿ ಅಂಗೈಯಗಲವಿರುತ್ತದೆ. ಅವಸರದವರು ಅದನ್ನು ಕೆರೆದು, ಪುಟ್ಟಿ ಮೆತ್ತಿ, ಬಣ್ಣ ಬಳಿದು ಮಾರಿಬಿಡುತ್ತಾರೆ. ಹಳೆಯ ಗಾಡಿ ಕೊಳ್ಳುವವರು ಒಂದು ಸಣ್ಣ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಜೊತೆಗೆ ಒಯ್ಯುವುದು ಲೇಸು. ಪುಟ್ಟಿ ಇರುವೆಡೆ ಅದು ಅಂಟುವುದಿಲ್ಲ.

ಸಣ್ಣ ಭಾಗಗಳ ತುಕ್ಕನ್ನು ಬಿಡಿಸಲು ಸ್ನೇಹಿತರು ಅನುಸರಿಸುವ ಉಪಾಯ ವಿಜ್ಞಾನದ ವಿದ್ಯಾರ್ಥಿಗಳಿಗೆ ರುಚಿಸೀತು. ದೊಡ್ಡ ಪ್ಲಾಸ್ಟಿಕ್ ಡಬ್ಬದಲ್ಲಿ ನೀರು ತುಂಬಿ ಬಟ್ಟೆ ಒಗೆಯುವ ಸೋಡವನ್ನು ಕದಡುತ್ತಾರೆ. ತುಕ್ಕು ಹಿಡಿದ ಭಾಗವನ್ನು ತಂತಿಯಲ್ಲಿ ತೂಗಬಿಟ್ಟು ಬ್ಯಾಟರಿ ಚಾರ್ಜರಿನ ಋಣ ತುದಿಗೂ, ಕೆಲಸಕ್ಕೆ ಬಾರದ ಕಬ್ಬಿಣದ ಹಾಳೆಯೊಂದನ್ನು ಧನ ತುದಿಗೂ ಜೋಡಿಸುತ್ತಾರೆ. ಒಂದು ರಾತ್ರಿ ಕಳೆಯುವಷ್ಟರಲ್ಲಿ ತುಕ್ಕು ಸಡಿಲವಾಗಿ, ಕುಂಚದಿಂದ ಉಜ್ಜಿದರೆ ಕಪ್ಪು ಕೆಸರಿನಂತೆ ಕಳಚಿಹೋಗುತ್ತದೆ. ಒಳ್ಳೆಯ ಕಬ್ಬಿಣಕ್ಕೆ ಲೇಶವೂ ಹಾನಿಯಿಲ್ಲ. ಎರಡು ಎಚ್ಚರಿಕೆಗಳು: ಈ ಕೆಲಸದಲ್ಲಿ ಜಲಜನಕ ಹೊರಡುವುದರಿಂದ ಬಯಲಿನಲ್ಲಿಯೇ ಮಾಡಬೇಕು, ಹತ್ತಿರ ಬೆಂಕಿ ಕೂಡದು. ಧನ ತುದಿಗೆ ಅಡುಗೆಮನೆಯ ಸ್ಟೇನ್‌ಲೆಸ್ ಉಕ್ಕನ್ನು ಎಂದಿಗೂ ಕಟ್ಟಬಾರದು. ಅದರಲ್ಲಿರುವ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ಶುದ್ಧವಾದ ಭಾಗವನ್ನು ಒಣಗಿಸಿ ಅಂದೇ ಬಣ್ಣದ ಮೊದಲ ಕೋಟನ್ನು ಬಳಿಯಬೇಕು. ಆಷಾಢದಲ್ಲಿ ನಾಳೆಗೆಂದು ಇಟ್ಟರೆ ಬೆಳಗಾಗುವುದರೊಳಗೆ ಅದರ ಮೈಯೆಲ್ಲ ಮತ್ತೆ ಕೆಂಪು.

ಮೈಯ ತಗಡು ತೂತಾಗಿದ್ದರೆ ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ಹೊಸ ತಗಡನ್ನು ಬೆಸೆಯಬೇಕು. ತೆಳು ತಗಡು ಬಿಸಿಗೆ ಹಪ್ಪಳದಂತೆ ಸುರುಟುವುದರಿಂದ ಒಂದೇ ಸಮನೆ ಬೆಸೆಯದೆ, ಇಲ್ಲೊಂದು ಚುಕ್ಕೆ ಅಲ್ಲೊಂದು ಚುಕ್ಕೆಯಾಗಿ, ಆರಲು ಬಿಟ್ಟು ಬಿಟ್ಟು ಮಾಡುತ್ತಾರೆ. ಹವ್ಯಾಸಿಗಳಿಗೆ ಜೀಪು ಪ್ರಿಯವಾಗಿರುವುದಕ್ಕೆ ಇದೂ ಒಂದು ಕಾರಣ. ಅದರ ಮೈ ಹೆಚ್ಚಾಗಿ ಚಪ್ಪಟೆ. ಅಂಬಾಸಡರಿನ ಉಬ್ಬುತಗ್ಗುಗಳನ್ನು ಸುತ್ತಿಗೆಯಿಂದ ಎಬ್ಬಿಸುವುದಾದರೆ ನುರಿತ ಟಿಂಕರ್ ಕೆಲಸದವರೇ ಬೇಕು.

ಹಿಡಿದುಕೊಂಡ ಯಂತ್ರವನ್ನು ಬಿಡಿಸುವುದು ತಾಳ್ಮೆಯ ಕೆಲಸ. ಸ್ಪಾರ್ಕ್ ಪ್ಲಗ್ಗಿನ ತೂತುಗಳಿಂದ ಡೀಸೆಲನ್ನೂ ಎಣ್ಣೆಯನ್ನೂ ಸುರಿದು ವಾರಗಟ್ಟಲೆ ನೆನೆಯಲು ಬಿಡಬೇಕು. ಬಳಿಕ ಉದ್ದವಾದ ಸನ್ನೆಯಿಂದ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮೆಲ್ಲಗೆ ಅಲುಗಿಸಬೇಕು. ಬಲ ಹಾಕಿದರೆ ಪಿಸ್ಟನ್ನಿನ ಉಂಗುರಗಳು ಮುರಿಯುತ್ತವೆ.

ಈ ಎಲ್ಲಕ್ಕೂ ಗುರುವಾಗಿರುವವರು ಪಾಣೆಮಂಗಳೂರಿನ ಕಡೆಯ ಒಬ್ಬ ಮೇಸ್ತ್ರಿ. ವಯಸ್ಸು ಎಪ್ಪತ್ತನ್ನು ಮೀರಿದೆ. ಹುಡುಗರಾಗಿದ್ದಾಗ ಬಸ್ಸಿನ ಗ್ಯಾರೇಜಿನಲ್ಲಿ ಕಲಿತವರು. ಈ ಜೀಪಿಗೆ ಡೀಸೆಲ್ ಯಂತ್ರವನ್ನು ಕೂರಿಸಿದವರೂ ಅವರೇ! ಅಂದು ಅಡ್ಡಬರುತ್ತಿದ್ದ ಹಳೆಯ ಆಧಾರಗಳನ್ನು ಗ್ಯಾಸಿನ ಜ್ವಾಲೆಯಿಂದ ಕತ್ತರಿಸಿ ತೆಗೆದಿದ್ದರು. ಎಲ್ಲಿ, ಎಷ್ಟು, ಯಾವ ಓರೆಯಲ್ಲಿ ಎಂಬುದು ಅವರ ತಲೆಯಲ್ಲಿ ಬಿಟ್ಟು ಬೇರೆಲ್ಲಿಯೂ ಬರೆದಿಲ್ಲ. “ನಾನೇ ಕಡಿದದ್ದನ್ನು ನಾನೇ ಬೆಸೆಯಬೇಕಾಯಿತಲ್ಲ, ಮಾಸ್ಟ್ರೇ” ಎಂದು ಅವರು ನನ್ನನ್ನು ನೋಡಿ ತಲೆಯಾಡಿಸಿದರು. ಅವರ ಮಕ್ಕಳಾರೂ ಈ ಕಸಬಿಗೆ ಬಂದಿಲ್ಲ. ಹೊಸ ಕಾರುಗಳಲ್ಲಿ ಸರಿಪಡಿಸುವುದಕ್ಕಿಂತ ಭಾಗವನ್ನೇ ಬದಲಿಸುವುದು ವಾಡಿಕೆಯಾದುದರಿಂದ, ಕಾರ್ಬ್ಯುರೇಟರನ್ನು ಕಿವಿಯಿಂದ ಕೇಳಿ ಹದಗೊಳಿಸುವ ವಿದ್ಯೆ ಕಲಿಯಲು ಯಾರೂ ಬರುತ್ತಿಲ್ಲ.

ಹೊಳೆಯ ಮೇಲ್ಗಡೆಗೆ ಹೋದರೆ ಧರ್ಮಸ್ಥಳದಲ್ಲಿ ಶ್ರೀ ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆಯ ಕಾರುಗಳ ವಸ್ತುಸಂಗ್ರಹಾಲಯವಿದೆ. ಅವರದೇ ಆಸಕ್ತಿಯ ಫಲವಾಗಿ ಶ್ರೀರಂಗಪಟ್ಟಣದ ಬಳಿ ‘ಪಯಣ’ವೆಂಬ ಇನ್ನೊಂದು ಸಂಗ್ರಹಾಲಯವೂ ತೆರೆದಿದೆ. ನೋಡಲೇಬೇಕಾದ ಸ್ಥಳಗಳು. ಆದರೆ ಅಂಗಳದ ಜೀಪಿಗೆ ಅಂಥ ಆಶ್ರಯವಿಲ್ಲ. ಅದು ರಸ್ತೆಗೆ ಇಳಿಯಬೇಕಾದರೆ ಕಾನೂನನ್ನು ಎದುರಿಸಬೇಕು.

ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯ ೨೦೧೯ರಲ್ಲಿ ತೀರ್ಪಿತ್ತಿತು. ಅಮೆರಿಕದ ರೀತಿಯ ಹಾಟ್ ರಾಡಿಗೆ ನಮ್ಮ ರಸ್ತೆಯಲ್ಲಿ ಎಡೆಯಿಲ್ಲವೆಂದೇ ತಿಳಿಯಬೇಕು. ಹಳೆಯ ಗಾಡಿಗಳಿಗಾದರೋ ೨೦೨೧ರ ನಿಯಮಗಳು ಒಂದು ಬಾಗಿಲು ತೆರೆದುವು. ಮೊದಲ ನೋಂದಣಿಯಿಂದ ೫೦ ವರ್ಷ ಕಳೆದ ಖಾಸಗಿ ಗಾಡಿಗಳಿಗೆ ‘ವಿಎ’ ಎಂಬ ಅಕ್ಷರಗಳುಳ್ಳ ಪ್ರತ್ಯೇಕ ಸಂಖ್ಯೆ; ಹೊಸ ನೋಂದಣಿಗೆ ೨೦,೦೦೦ ರೂಪಾಯಿ ಶುಲ್ಕ, ಅವಧಿ ೧೦ ವರ್ಷ. ಪ್ರದರ್ಶನಕ್ಕೂ ಹಳೆಯ ಗಾಡಿಗಳ ಮೆರವಣಿಗೆಗೂ ಒಯ್ಯಬಹುದು, ನಿತ್ಯದ ಓಡಾಟಕ್ಕೆ ಸಲ್ಲದು. ಮುಖ್ಯವಾದ ನಿಬಂಧನೆ ಇನ್ನೊಂದುಂಟು: ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿಸ್, ಮೈ, ಯಂತ್ರಗಳಲ್ಲಿ ಹೆಚ್ಚಿನ ಮಾರ್ಪಾಡು ಆಗಿರಕೂಡದು. ಡೀಸೆಲ್ ಯಂತ್ರವಿರುವ ತನಕ ನರಿಕೊಂಬಿನ ಜೀಪು ಈ ಬಾಗಿಲಲ್ಲಿ ಹಾಯಲಾರದು. ಸ್ನೇಹಿತರ ಹಟಕ್ಕೆ ಅರ್ಧ ಕಾರಣ ಇದೇ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ಒಪ್ಪಿರುವ ಟ್ಯೂರಿನ್ ಸನ್ನದು ಇದನ್ನು ಬೇರೆ ಕಣ್ಣಿನಿಂದ ನೋಡುತ್ತದೆ. ಗಾಡಿ ದುಡಿಯುತ್ತಿದ್ದ ಕಾಲದಲ್ಲಿ ಆದ ಬದಲಾವಣೆಗಳೂ ಅದರ ಚರಿತ್ರೆಯೇ ಎಂಬುದು ಅದರ ಭಾವ. ನನ್ನ ಮನಸ್ಸೂ ಆ ಕಡೆಗೇ ವಾಲುತ್ತದೆಂದು ಒಪ್ಪಿಕೊಳ್ಳುತ್ತೇನೆ. ಕ್ರೋಮಿಯಂ ಮೆರುಗು ಬಳಿಸಿಕೊಂಡು ಮದುಮಗಳಂತೆ ನಿಂತ ಗಾಡಿಗಿಂತ, ಅಡಕೆ ಮೂಟೆ ಉಜ್ಜಿ ಸವೆದ ಹಲಗೆಯುಳ್ಳ ಗಾಡಿ ನನಗೆ ಹೆಚ್ಚು ಹೇಳುತ್ತದೆ. ಆದರೆ ಜೀಪು ನನ್ನದಲ್ಲ. ಕಾನೂನಿನ ಕಣ್ಣಿಗೆ ಮೂರ್ತಿಯೆಂದರೆ ಚಾಸಿಸಿನ ಮೇಲೆ ಕೊರೆದ ಸಂಖ್ಯೆ. ತಂದೆಯವರಿಗೆ ಅದು ಡೀಸೆಲ್ ಯಂತ್ರ. ಮಗನಿಗೆ ಎತ್ತರದ ಮೂತಿಯೊಳಗೆ ಮೊದಲು ಇದ್ದುದೇ ಮೂರ್ತಿ.

ಸದ್ಯಕ್ಕೆ ಎರಡು ಯಂತ್ರಗಳೂ ಅಡಕೆಯ ಅಂಗಳದಲ್ಲಿ, ಒಂದೇ ತಾಡಪಾಲಿನ ಕೆಳಗೆ ಪಕ್ಕಪಕ್ಕದಲ್ಲಿವೆ. ಡೀಸೆಲ್ ಯಂತ್ರವನ್ನು ಗುಜರಿಗೆ ಕೊಡಕೂಡದೆಂದು ತಂದೆಯವರು ಮಾತು ತೆಗೆದುಕೊಂಡಿದ್ದಾರೆ. ತೋಟದ ಪಂಪಿಗೆ ಆದೀತೆಂದು ಅವರ ಆಲೋಚನೆ. ನಾನು ಕಳೆದ ಸಲ ಹೋಗಿದ್ದಾಗ ಮೇಸ್ತ್ರಿ ಸನ್ನೆ ಹಿಡಿದು ಕುಳಿತಿದ್ದರು. ಪೆಟ್ರೋಲಿನ ಯಂತ್ರ ಕಾಲು ಸುತ್ತು ತಿರುಗಿ ಮತ್ತೆ ನಿಂತಿತು. ಅವರು ಇನ್ನಷ್ಟು ಎಣ್ಣೆ ಸುರಿದು, ತೂತುಗಳಿಗೆ ಬಟ್ಟೆ ತುರುಕಿ, ಬರುವ ಆದಿತ್ಯವಾರ ನೋಡೋಣವೆಂದು ಕೈ ತೊಳೆಯಲು ಎದ್ದರು.