ಅಭಿರುಚಿ, ಪರಿಶ್ರಮ ಮತ್ತು ಅಂಕಗಳು

"ನನಗೆ ಆ ವಿಷಯದಲ್ಲಿ ಅಭಿರುಚಿಯಿಲ್ಲ, ಅಂಕ ಬರುವುದಾದರೂ ಹೇಗೆ?" ಫಲಿತಾಂಶದ ದಿನ ಕಾಲೇಜಿನ ಮೊಗಸಾಲೆಯಲ್ಲಿ ಕೇಳಿಬರುವ ಮಾತಿದು. ಆದರೆ ಬರಿಯ ಅಭಿರುಚಿಯಿಂದಲೂ ಅಂಕ ಬರುವುದಿಲ್ಲ. ಶ್ರೀನಿವಾಸ ರಾಮಾನುಜನ್ ಅವರು 1904ರಲ್ಲಿ ವಿದ್ಯಾರ್ಥಿವೇತನ ಪಡೆದು ಕುಂಭಕೋಣದ ಸರ್ಕಾರಿ ಕಾಲೇಜನ್ನು ಸೇರಿದರು. ಗಣಿತವಲ್ಲದೆ ಬೇರೇನನ್ನೂ ಓದಲೊಲ್ಲದೆ ಆ ವೇತನವನ್ನು ಕಳೆದುಕೊಂಡರು. ಮುಂದೆ ಮದರಾಸಿನಲ್ಲಿ ಎಫ್.ಎ. ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಲಿಲ್ಲ. ನಮ್ಮ ನಿಮ್ಮಂಥವರ ಕೈಹಿಡಿಯಲು ಹಾರ್ಡಿಯಂಥವರು ಕೇಂಬ್ರಿಜ್ಜಿನಲ್ಲಿ ಕಾದು ಕುಳಿತಿಲ್ಲವಷ್ಟೆ!

ಪರಿಶ್ರಮವೆಂದರೆ ಕಡೆಯ ವಾರದ ಜಾಗರಣೆಯೂ ಅಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಡೆಯ ನಮ್ಮಲ್ಲಿ ಅನೇಕರ ಮನೆಗಳಲ್ಲಿ ರೇಷ್ಮೆಹುಳು ಸಾಕುವುದುಂಟು. ಹುಳು ತಾನು ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಕೊನೆಯ ಹಂತದಲ್ಲಿಯೇ ತಿನ್ನುತ್ತದೆ. ತಾನು ಓದುವುದೂ ಹಾಗೆಯೇ ಎಂದು ಗೆಳೆಯನೊಬ್ಬ ವಾದಿಸಿದ. ಅದಕ್ಕೆ ಮೊದಲಿನ ನಾಲ್ಕು ಜ್ವರಗಳನ್ನು ಅವನು ಮರೆತಿದ್ದ. ಚಾಕಿಯ ದಿನಗಳಲ್ಲಿ ಎಳೆಯ ಸೊಪ್ಪನ್ನು ಹೊತ್ತುಹೊತ್ತಿಗೆ ಹೆಚ್ಚಿ ಹಾಕದಿದ್ದರೆ, ಕೊನೆಗೆ ರಾಶಿ ಸುರಿದರೂ ಗೂಡು ಗಟ್ಟಿಯಾಗದು.

ಒಂದೇ ಸಲ ಉರುಹೊಡೆಯುವುದಕ್ಕಿಂತ ಬಿಡುವುಕೊಟ್ಟು ಮತ್ತೆ ಮತ್ತೆ ಓದಿದ್ದು ಹೆಚ್ಚು ಉಳಿಯುವುದೆಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿಯೇ, ತನ್ನ ಮೇಲೆ ತಾನೇ ಪ್ರಯೋಗ ನಡೆಸಿ, ತೋರಿಸಿದ. ಇಷ್ಟವಾದ ವಿಷಯ ದಿನವೂ ತಾನಾಗಿ ನೆನಪಿಗೆ ಬರುತ್ತದೆ. ಅಭಿರುಚಿಯ ಲಾಭವಿರುವುದು ಇಲ್ಲಿಯೇ. ಇಷ್ಟವಿಲ್ಲದ್ದಕ್ಕೆ ಹೊತ್ತನ್ನು ನಾವೇ ಗೊತ್ತುಮಾಡಬೇಕು. ಅರ್ಥಶಾಸ್ತ್ರ ನನಗೆ ಬೇವಾಗಿತ್ತು. ರಾಮನಗರದ ಗೂಡಿನ ಮಾರುಕಟ್ಟೆಯ ಹರಾಜನ್ನು ಮನಸ್ಸಿನ ಮುಂದಿಟ್ಟುಕೊಂಡು ಬೇಡಿಕೆ, ಪೂರೈಕೆಗಳ ಪಾಠವನ್ನು ನಾಲ್ಕಾರು ಸಲ ಓದಿದ ಮೇಲೆ ಅಷ್ಟು ಕಹಿ ಉಳಿಯಲಿಲ್ಲ.