ಖಾತೆ ನನ್ನದು, ನಂಬರು ಅಪ್ಪನದು

18 ತುಂಬಿದರೆ ಮತ ಹಾಕಬಹುದು, ಕಾರು ಓಡಿಸುವ ಲೈಸೆನ್ಸ್ ಪಡೆಯಬಹುದು. ಆದರೆ ಹೈಸ್ಕೂಲಿನಲ್ಲಿ ಸ್ಕಾಲರ್‌ಶಿಪ್‌ಗೆಂದು ತೆರೆದ ನನ್ನ ಬ್ಯಾಂಕ್ ಖಾತೆಗಿದ್ದುದು ಅಪ್ಪನ ಮೊಬೈಲ್ ನಂಬರು. ನಿಮ್ಮಲ್ಲೂ ಹಲವರದು ಇದೇ ಕಥೆಯಿರಬಹುದು. ಆ ಸಿಮ್ ನಮ್ಮ ಫೋನಿನಲ್ಲಿ ಇಲ್ಲದೆ ಯುಪಿಐ ನಡೆಯದು. ಬಿಇ ಸೇರಿ ಎರಡು ವರ್ಷವಾದರೂ, ಎಟಿಎಂನಲ್ಲಿ ನಾನು 200 ರೂಪಾಯಿ ತೆಗೆದರೆ ಊರಲ್ಲಿ ಅಪ್ಪನಿಗೆ ಮೆಸೇಜು. ಹಿಂದೆಯೇ ಫೋನು: ‘ಏನ್ ತಗೊಂಡೆ ಮಗಳೇ?’ ಸಿಟ್ಟು ಬರುತ್ತಿತ್ತು.

ಕಳೆದ ತಿಂಗಳು ಬ್ಯಾಂಕಿಗೆ ಅರ್ಜಿ ಕೊಟ್ಟು ನಂಬರು ಬದಲಿಸಿಕೊಂಡೆ. ಅಪ್ಪ ಬೇಡವೆನ್ನಲಿಲ್ಲ. ‘ಮೆಸೇಜು ಬಂದ್ರೆ ಹುಷಾರಾಗಿದೀಯ ಅನ್ಕೊಳ್ತಿದ್ದೆ’ ಎಂದರಷ್ಟೆ.

ಈಗ ರಾತ್ರಿ ಊಟವಾದ ಮೇಲೆ ನಾನೇ ಫೋನ್ ಮಾಡುತ್ತೇನೆ. ಖರ್ಚಿನ ಮಾತು ನಾನಾಗಿ ತೆಗೆದರೆ ಉಂಟು, ಇಲ್ಲವಾದರೆ ಇಲ್ಲ. ಮೊನ್ನೆ ಬೋರ್‌ವೆಲ್ ಮೋಟಾರ್ ರಿಪೇರಿಗೆ ಎಷ್ಟಾಯಿತೆಂದು ಕೇಳಿದೆ. ಅಪ್ಪ ಸ್ವಲ್ಪ ತಡೆದು, ಕೈಸಾಲ ಮಾಡಿದ್ದನ್ನೂ ಸೇರಿಸಿ ಹೇಳಿದರು.