ಬೀಗ ಹಾಕಿದ ಬಾಗಿಲು: ಒಂದೂರಿಗೆ ಜಾತ್ರೆ, ಇನ್ನೊಂದೂರಿಗೆ ಗುಳೆ

ವಿಡಿಯೊ ಮಾಡಿ ಗೆಳೆಯರ ಗ್ರೂಪಿಗೆ ಹಾಕ್ತೀರಿ. ಐದೇ ನಿಮಿಷದಲ್ಲಿ ಬೆಂಕಿ ಇಮೋಜಿ, ಚಪ್ಪಾಳೆ, ಒಂದು ‘ಸೂಪರ್ ಬ್ರೋ’. ಖುಷಿಯಾಗುತ್ತೆ, ನಿಜ. ಆದರೆ ಎಡಿಟಿಂಗಿಗೆ ಕೂತಾಗ ಆ ‘ಸೂಪರ್’ನಿಂದ ಒಂದು ಕಟ್ ಕೂಡ ಸರಿಹೋಗೋದಿಲ್ಲ.

ಹೋದ ಬೇಸಿಗೆಯಲ್ಲಿ ಕೊಪ್ಪಳ ಜಿಲ್ಲೆಯ ನಾಲ್ವರು ಪದವಿ ವಿದ್ಯಾರ್ಥಿಗಳ ಮ್ಯೂಸಿಕ್ ವಿಡಿಯೊಗೆ ನಾನು ಎಡಿಟಿಂಗಿನಲ್ಲಿ ಜೊತೆಯಾದೆ. ಬೆಂಗಳೂರಲ್ಲಿ ಇದೇ ನನ್ನ ಹೊಟ್ಟೆಪಾಡು. ರಜೆಗೆ ಊರಿಗೆ ಬಂದಿದ್ದೆ. ಹಾಡು ಬರೆದವಳು ಯಲಬುರ್ಗಾ ಕಡೆಯ ಹುಡುಗಿ. ಸುಗ್ಗಿ ಮುಗಿದ ಮೇಲೆ ಗಾರೆ ಕೆಲಸಕ್ಕೆ ಗುಳೆ ಹೋಗುವ ತನ್ನ ಅವ್ವನ ಮೇಲೆ ಕಟ್ಟಿದ ಹಾಡು. ಆದರೆ ಅದರಲ್ಲಿ ‘ಗುಳೆ’ ಅನ್ನೋ ಪದವೇ ಇಲ್ಲ. ಒಲೆ, ಹೊಸ್ತಿಲು, ಬಾಗಿಲು ಅಷ್ಟೇ.

ಮೊದಲ ಕಟ್ ನೋಡೋಕೆ ಚೆಂದವಿತ್ತು. ಗಂಗಾವತಿಯ ಹಸಿರು ಭತ್ತದ ಗದ್ದೆ, ಬೀಗ ಹಾಕಿದ ಬಾಗಿಲು, ಹೊರಟ ಬಸ್ಸು, ಅಳುವ ಹೆಣ್ಣಿನ ಕ್ಲೋಸಪ್. ನಾಲ್ವರೂ ನಾಲ್ಕು ತಾಲ್ಲೂಕಿನವರು. ತಂತಮ್ಮ ಊರಲ್ಲಿ ಮೊಬೈಲಿನಲ್ಲೇ ತೋರಿಸಿ ಬನ್ನಿ ಅಂದೆ. ಒಂದೇ ಷರತ್ತು: ‘ಹೆಂಗೈತಿ?’ ಅಂತ ಕೇಳಬಾರದು. ಹಾಗೆ ಕೇಳಿದರೆ ನಮ್ಮ ಕಡೆ ಎಲ್ಲರೂ ‘ಚೊಲೋ ಐತಿ’ ಅಂತಾರೆ. ‘ಇದ್ರಾಗ ಏನಾತು, ಹೇಳ್ರಿ’ ಅಂತ ಕೇಳಬೇಕು.

ಉತ್ತರ ಬಂದವು.

ಕೊಪ್ಪಳದ ಹಾಸ್ಟೆಲ್ ಗೆಳೆಯರು: “ಅಂಜನಾದ್ರಿ ಡ್ರೋನ್ ಶಾಟ್ ಹಾಕ್ರಿ, ವ್ಯೂಸ್ ಬರ್ತಾವ.”
ಗಂಗಾವತಿಯವರು: “ಮನಿಗೆ ಬೀಗ ಹಾಕಿ ಜಾತ್ರಿಗೆ ಹೊಂಟಾರ. ಆದ್ರ ಆಕಿ ಯಾಕ ಅಳ್ತಾಳ?”
ಯಲಬುರ್ಗಾದವರು: “ದುಡಿಯಾಕ ಹೊಂಟಾರ. ಖರೆ, ಇಷ್ಟು ನೀರಿದ್ದವ್ರು ಯಾಕ ಹೋಗ್ತಾರ?”
ಕುಷ್ಟಗಿಯಲ್ಲಿ, ಹಲವು ವರ್ಷ ಗುಳೆ ಹೋಗಿ ಬಂದ ಹೆಣ್ಣುಮಗಳೊಬ್ಬಳು: “ನಾವು ಹಿಂಗ ಅಳಕೋಂತ ಹೋಗಂಗಿಲ್ಲವ್ವ. ನಮ್ಮನ್ಯಾಕ ಭಿಕಾರಿ ಮಾಡೀರಿ?”

ಹುಡುಗರು ಸುಸ್ತಾದರು. ಯಾರ ಮಾತು ಕೇಳೋದು?

ಇಲ್ಲಿ ಥಿಯರಿ ಕೈಹಿಡಿಯಿತು. ಜಮೈಕಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಪಾಠ ಮಾಡಿದ ಸ್ಟುವರ್ಟ್ ಹಾಲ್ 1973ರಲ್ಲೇ ಹೇಳಿದ್ದ: ನಾವು ತುಂಬಿ ಕಳಿಸಿದ ಅರ್ಥವನ್ನೇ ಪ್ರೇಕ್ಷಕ ಬಿಚ್ಚಿಕೊಳ್ಳಬೇಕೆಂದೇನಿಲ್ಲ. ಒಬ್ಬ ಪೂರ್ತಿ ಒಪ್ತಾನೆ, ಒಬ್ಬ ಅರ್ಧ ಒಪ್ಪಿ ತಕರಾರು ತೆಗೀತಾನೆ, ಇನ್ನೊಬ್ಬ ಅರ್ಥ ಮಾಡಿಕೊಂಡೇ ವಿರೋಧಿಸ್ತಾನೆ. ಸುಮ್ಮನೆ ಅರ್ಥವಾಗದೆ ಹೋಗೋದು ಇವುಗಳಿಂದ ಬೇರೆ ಸಂಗತಿ.

ಈ ಜರಡಿ ಹಿಡಿದಾಗ ದಾರಿ ಕಂಡಿತು. ಕೊಪ್ಪಳದ್ದು ಸಲಹೆ, ಅವರು ಏನು ಕಂಡರು ಅನ್ನೋದು ಅದರಲ್ಲಿಲ್ಲ, ಬಿಟ್ಟೆವು. ಗಂಗಾವತಿಯದು ಅರ್ಥವಾಗದ್ದು. ಯಲಬುರ್ಗಾದ್ದು ತಕರಾರು. ಕುಷ್ಟಗಿಯದು ವಿರೋಧ. ಮೂರಕ್ಕೂ ಮದ್ದು ಬೇರೆ ಬೇರೆ.

ಗಂಗಾವತಿಯದು ಸಲೀಸು. ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ನೂರು ವರ್ಷದ ಹಿಂದೆ ತೋರಿಸಿದಂತೆ, ಒಂದು ಶಾಟ್‌ನ ಅರ್ಥ ಅದರ ಪಕ್ಕದ ಶಾಟ್‌ನಲ್ಲಿರುತ್ತೆ. ಬೀಗ ಮತ್ತು ಬಸ್ಸಿನ ನಡುವೆ ಹಾಸಿಗೆ ಸುರುಳಿ, ಪಾತ್ರೆ ಗಂಟು, ಅಜ್ಜಿಯ ಸೆರಗು ಹಿಡಿದು ನಿಂತ ಮಗು ಬಂತು. ಜಾತ್ರೆ ಗುಳೆಯಾಯಿತು.

ಯಲಬುರ್ಗಾದ ತಕರಾರು ನ್ಯಾಯವಾದದ್ದೇ. ತುಂಗಭದ್ರಾ ಎಡದಂಡೆ ಕಾಲುವೆ ಗಂಗಾವತಿಯನ್ನು ಹಸಿರಾಗಿಸಿದೆ. ಯಲಬುರ್ಗಾ, ಕುಷ್ಟಗಿಯ ಬಹುಪಾಲು ಹೊಲ ಮಳೆಯನ್ನೇ ನಂಬಿವೆ. ಗದ್ದೆಯ ಶಾಟ್‌ಗಳಲ್ಲಿ ಒಂದನ್ನಷ್ಟೇ ಉಳಿಸಿ, ಬಸ್ಸಿನ ಕಿಟಕಿಯಿಂದ ಹಾದುಹೋಗುವ ಹಸಿರಿನಂತೆ ಇಟ್ಟೆವು. ಅವಳದಲ್ಲದ ಹಸಿರು.

ಕುಷ್ಟಗಿಯ ಮಾತು ಮಾತ್ರ ಎಲ್ಲರನ್ನೂ ಕಲಕಿತು. ಹಾಡು ಬರೆದವಳು ಪಟ್ಟು ಹಿಡಿದಳು: “ಅಳು ತೆಗದ್ರ ಇದು ನನ್ನ ಹಾಡೇ ಅಲ್ಲ.” ಕಚ್ಚಾ ಫೂಟೇಜ್ ಮತ್ತೆ ಹಾಕಿದೆವು. ಬಸ್ಸಿನಲ್ಲಿ ಹೆಂಗಸರು ಎಲೆಅಡಿಕೆ ಹಂಚಿಕೊಂಡು ನಗುವ ಏಳು ಸೆಕೆಂಡ್ ಸಿಕ್ಕಿತು. ಅವಳು ಎರಡು ಸಲ ನೋಡಿದಳು. ಆಮೇಲೆ ಮೆಲ್ಲಗೆ ಅಂದಳು: “ಅವ್ವ ಬಸ್ಸಿನ್ಯಾಗ ಅತ್ತಿದ್ದು ನಾ ನೋಡೇ ಇಲ್ಲ. ಮನ್ಯಾಗ ಅತ್ತಾಕಿ ನಾನು.”

ಅಳುವ ಕ್ಲೋಸಪ್ ಹೋಯಿತು. ನಗು ಬಂತು, ಅದರ ಹಿಂದೆಯೇ ಮನೆಯಲ್ಲಿ ಉಳಿದ ಮಗು. ಬೀಟ್‌ಗೊಂದು ಕಟ್ ಬೇಕು ಅನ್ನುತ್ತಿದ್ದ ಹುಡುಗರೂ ಆ ಏಳು ಸೆಕೆಂಡ್ ಮುಟ್ಟಲಿಲ್ಲ. ಹಾಲಿವುಡ್ ಎಡಿಟರ್ ವಾಲ್ಟರ್ ಮರ್ಚ್ ಒಳ್ಳೆಯ ಕಟ್‌ನ ನೂರು ಅಂಕದಲ್ಲಿ ಭಾವನೆಗೆ 51, ಲಯಕ್ಕೆ ಬರೀ 10 ಕೊಡ್ತಾನೆ.

ಪ್ರೇಕ್ಷಕರಿಗೆ ಹೀಗೆ ಕಿವಿಗೊಡೋದು ಈ ನೆಲಕ್ಕೆ ಹೊಸದೇನಲ್ಲ. 2025ರಲ್ಲಿ ಪದ್ಮಶ್ರೀ ಪಡೆದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಇದೇ ಕೊಪ್ಪಳದ ಮೋರನಾಳದವರು. ಪರದೆ ಹಿಂದೆ ಕೂತು ಗೊಂಬೆ ಆಡಿಸುವವರಿಗೆ ಎದುರಿನ ಮಂದಿಯ ಮುಖ ಕಾಣೋದಿಲ್ಲ. ಅವರ ನಗು, ಮೌನ ಕೇಳಿಸುತ್ತೆ.

ಮುಂದಿನ ಸಲ ನಿಮ್ಮ ರೀಲ್ ಆಗಲಿ, ಆಫೀಸಿನ ಪ್ರೆಸೆಂಟೇಶನ್ ಆಗಲಿ, ಯಾರಿಗಾದರೂ ತೋರಿಸಿ ‘ಹೇಗಿದೆ?’ ಅನ್ನಬೇಡಿ. ‘ಏನರ್ಥವಾಯ್ತು?’ ಅಂತ ಕೇಳಿ, ಸುಮ್ಮನಿರಿ. ಉತ್ತರ ಬಂದ ಮೇಲೆ ಇಷ್ಟು ವಿಂಗಡಿಸಿ: ಇದು ಸಲಹೆಯೋ, ಅರ್ಥವಾಗದ್ದೋ, ತಕರಾರೋ, ವಿರೋಧವೋ? ಮೊದಲನೆಯದನ್ನು ಬಿಟ್ಟರೂ ನಡೆಯುತ್ತೆ. ಕೊನೆಯದನ್ನು ಮಾತ್ರ ಬಿಡಬೇಡಿ. ಹಾಗೆ ಹೇಳುವವರು ಬಹುಪಾಲು ಆ ಬಸ್ಸಿನಲ್ಲಿ ಕೂತು ಬಂದವರೇ ಆಗಿರ್ತಾರೆ.